ಬದುಕಿಸಿದ ಮೇಲೆ

ತಮ್ಮನ ಡಿಸ್ಚಾರ್ಜ್ ಸಮ್ಮರಿ ನಮ್ಮ ತಿಪಟೂರಿನ ಮನೆಯ ಬೀರುವಿನಲ್ಲಿ, ತೋಟದ ಪಹಣಿಗಳ ಜೊತೆ ಇದೆ. ವೆಂಟಿಲೇಟರ್ ಯಾವಾಗ ಹಾಕಿದರು, ಯಾವಾಗ ತೆಗೆದರು, ಗಂಟಲಿಗೆ ತೂತು ಮಾಡಿ ಪೈಪು ಇಟ್ಟಿದ್ದು, ಎಂಆರ್‌ಐಯಲ್ಲಿ ಕಂಡದ್ದು, ಕೊಟ್ಟ ಆ್ಯಂಟಿಬಯೋಟಿಕ್‌ಗಳು, ಎಲ್ಲ ಪುಟಗಟ್ಟಲೆ ಬರೆದಿದ್ದಾರೆ. ಕೊನೆಗೆ ಒಂದೇ ಸಾಲು: ಸೈಕಿಯಾಟ್ರಿ ಓಪಿಡಿಯಲ್ಲಿ ತೋರಿಸುವುದು. ಐಸಿಯುನವರು ತಮ್ಮ ಕೆಲಸ ಅಚ್ಚುಕಟ್ಟಾಗಿ ಮಾಡಿದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಮನೆ ಇಷ್ಟು ವರ್ಷ ಬದುಕಿರುವುದು ಆ ಕೊನೆಯ ಸಾಲಿನೊಳಗೆ. ಅದರ ಬಗ್ಗೆ ಯಾರೂ ನಮಗೆ ಏನೂ ಹೇಳಿ ಕಳಿಸಲಿಲ್ಲವಲ್ಲ ಅನ್ನುವುದು ಈಗಲೂ ಕೊರೆಯುತ್ತದೆ.

ಅವನು ಡಾಕ್ಟರು, ಅನಸ್ತೇಶಿಯಾದಲ್ಲಿ, ಅಂದರೆ ಅರಿವಳಿಕೆ ವಿಭಾಗದಲ್ಲಿ, ಪಿಜಿ ಮಾಡುತ್ತಿದ್ದ. ದಿನವೂ ಬೇರೆಯವರಿಗೆ ಕೊಡುತ್ತಿದ್ದ ಔಷಧದಿಂದಲೇ ಸಾಯಲು ಹೊರಟ. ಯಾವುದು, ಹೇಗೆ ಅಂತ ಇಲ್ಲಿ ಬರೆಯುವುದಿಲ್ಲ. ಮನೆಗೆ ಬಂದು ಕೇಳಿದವರಿಗೂ ಹೇಳಿಲ್ಲ. ಆ ಮಾಹಿತಿಯಿಂದ ಯಾರಿಗೂ ಉಪಯೋಗವಿಲ್ಲ, ಕೆಲವರಿಗೆ ಅಪಾಯವಿದೆ. ಇದನ್ನು ಬರೆಯಲು ಅವನು ಒಪ್ಪಿದ್ದಾನೆ. ಓದಿ ಒಂದೆರಡು ಕಡೆ ತಿದ್ದಿಯೂ ಕೊಟ್ಟಿದ್ದಾನೆ. ಹೆಸರು ಮಾತ್ರ ಬೇಡ ಅಂದ.

ನೆಂಟರು ಬಂದಾಗ ಎರಡೇ ಪ್ರಶ್ನೆ ಇರುತ್ತಿತ್ತು. ಒಂದನ್ನು ಜೋರಾಗಿ ಕೇಳುತ್ತಿದ್ದರು: ‘ಈಗ ಹುಷಾರಾಗಿದಾನಾ?’ ಇನ್ನೊಂದನ್ನು ಅಡುಗೆಮನೆಗೆ ಬಂದು ಪಿಸುಗುಡುತ್ತಿದ್ದರು: ‘ಯಾಕಂತೆ?’ ಮೊದಲನೆಯದಕ್ಕೆ ಹೌದು ಅಂದರೂ ಸುಳ್ಳು, ಇಲ್ಲ ಅಂದರೂ ಸುಳ್ಳು. ಎರಡನೆಯದಕ್ಕೆ ಉತ್ತರ ಅವನ ಹತ್ತಿರವೇ ಇರಲಿಲ್ಲ. ಉಪಮೆಯಲ್ಲ, ನಿಜಕ್ಕೂ ಇರಲಿಲ್ಲ. ಅದರ ಕಥೆ ಮುಂದೆ ಬರುತ್ತದೆ.

ಔಷಧ ಇಳಿದರೂ ಇಳಿಯದ್ದು

ಅನಸ್ತೇಶಿಯಾ ಅಂದರೆ ಸುಖವಾದ ನಿದ್ದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಓಟಿಯಲ್ಲಿ (ಆಪರೇಷನ್ ಥಿಯೇಟರಿನಲ್ಲಿ) ಅದು ನಿದ್ದೆಯ ಹಾಗೆ ಕಾಣುವುದು ಯಾಕೆಂದರೆ, ರೋಗಿಯ ತಲೆಯ ಹತ್ತಿರ ಒಬ್ಬರು ಕೂತು ಅವರ ಉಸಿರು, ಬಿಪಿ, ನಾಡಿ ಎಲ್ಲವನ್ನೂ ನೋಡಿಕೊಳ್ಳುತ್ತಿರುತ್ತಾರೆ. ಆ ವೃತ್ತಿಯ ತಿರುಳೇ ಅದು ಅಂತ ತಮ್ಮ ಹೇಳುತ್ತಿದ್ದ. ‘ಮಲಗಿಸೋದು ಯಾರು ಬೇಕಾದ್ರೂ ಮಾಡ್ಬಹುದು ಕಣಕ್ಕಾ, ನಾವಿರೋದು ಉಸಿರು ಕಾಯೋಕೆ.’ ಕಾಯುವವರಿಲ್ಲದಾಗ ಮಿದುಳಿಗೆ ಆಮ್ಲಜನಕ ತಪ್ಪುತ್ತದೆ. ಕೆಲವೇ ನಿಮಿಷ ಸಾಕು, ಹಾನಿ ಶುರುವಾಗಲು. ಔಷಧ ಮೈಯಿಂದ ಹೊರಟುಹೋಗುತ್ತದೆ. ರಕ್ತದ ರಿಪೋರ್ಟು ಸರಿಹೋಗುತ್ತದೆ. ಆ ನಿಮಿಷಗಳು ಮಾಡಿಹೋದದ್ದು ಮಾತ್ರ ಉಳಿಯುತ್ತದೆ. ನಾನು ನೋಡಿದ್ದು ನಿದ್ದೆಯಲ್ಲ. ಕಫ ತೆಗೆಯಲು ಗಂಟಲ ಪೈಪಿನೊಳಗೆ ನಳಿಕೆ ಇಳಿಸಿದಾಗಲೆಲ್ಲ ಮೈಯೆಲ್ಲ ಬಿಗಿಯಾಗಿ, ಕಣ್ಣಲ್ಲಿ ನೀರು ಬಂದು, ಕೂಗಲೂ ದನಿ ಇಲ್ಲದ ಹುಡುಗನನ್ನು.

ಮಿದುಳಿನಲ್ಲಿ ಎಲ್ಲ ಭಾಗಕ್ಕೂ ಒಂದೇ ಥರ ಪೆಟ್ಟು ಬೀಳುವುದಿಲ್ಲವಂತೆ. ಆಮ್ಲಜನಕ ಕಡಿಮೆಯಾದರೆ ಬೇಗ ಸೋಲುವ ಜಾಗಗಳಲ್ಲಿ ಹಿಪ್ಪೊಕ್ಯಾಂಪಸ್ ಒಂದು. ಹೊಸ ನೆನಪು ಕೂಡಿಡುವುದು ಅದರ ಕೆಲಸ. ಕೈಕಾಲಿನ ಚಲನೆಯನ್ನು ಹದದಲ್ಲಿಡುವ ಭಾಗಗಳೂ ಹಾಗೆಯೇ. ನಮ್ಮವನಿಗೆ ಎರಡೂ ಕಡೆ ಪೆಟ್ಟಾಗಿತ್ತು. ಸುಮ್ಮನೆ ಕೂತರೆ ಕೈ ನೆಟ್ಟಗೆ ಇರುತ್ತದೆ. ಕಾಫಿ ಲೋಟಕ್ಕೆ ಕೈ ಚಾಚಿದ ತಕ್ಷಣ ಜರ್ಕ್ ಹೊಡೆಯುತ್ತದೆ. ಹುಷಾರಾಗಿ ಹಿಡಿಯಬೇಕು ಅಂದುಕೊಂಡಷ್ಟೂ ಜಾಸ್ತಿ. ಇದಕ್ಕೆ ಲಾನ್ಸ್-ಆ್ಯಡಮ್ಸ್ ಸಿಂಡ್ರೋಮ್ ಅಂತ ಹೆಸರು. 1963ರಲ್ಲಿ ಇಬ್ಬರು ನರರೋಗ ತಜ್ಞರು ಇದನ್ನು ವಿವರವಾಗಿ ಬರೆದರು, ಹೆಸರೂ ಅವರದೇ. ಫಿಟ್ಸ್‌ಗೆ ಕೊಡುವ ಕೆಲವು ಮಾತ್ರೆಗಳಿಂದಲೇ ಇದು ಹತೋಟಿಗೆ ಬರುತ್ತದೆ, ಪೂರ್ತಿ ಅಲ್ಲ. ಮೊದಮೊದಲು ಅಮ್ಮ ಅವನಿಗೆ ಹೆದರಿಕೆಯಿಂದ ಕೈ ನಡುಗುತ್ತಿದೆ ಅಂದುಕೊಂಡು ಯಂತ್ರ ಕಟ್ಟಿಸಿದ್ದಳು. ಆ ತಾಯತ ಈಗಲೂ ತೋಳಲ್ಲಿದೆ. ಮಾತ್ರೆಯ ಜೊತೆ ಅದೂ ಇರಲಿ ಅಂತ ಬಿಟ್ಟಿದ್ದೇವೆ.

ಆರೈಕೆಯ ಹೆಚ್ಚಿನ ಪಾಲು ಬೇಸರದ ಕೆಲಸ. ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಇಲ್ಲದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ. ಮೂಗಿನ ಟ್ಯೂಬಿನಲ್ಲಿ ಸೋಸಿದ ರಾಗಿ ಗಂಜಿ ಬಿಡುವುದು, ಬಿಟ್ಟ ಮೇಲೆ ನೀರು ಹಾಕಿ ಟ್ಯೂಬು ತೊಳೆಯುವುದು, ಸ್ವಲ್ಪ ಹೊತ್ತು ಮಲಗಿಸದೆ ಒರಗಿಸಿ ಕೂರಿಸುವುದು. ನುಂಗುವುದನ್ನು ಮತ್ತೆ ಕಲಿಸಬೇಕು, ಅದನ್ನು ಕಲಿಸುವುದು ಸ್ಪೀಚ್ ಥೆರಪಿಸ್ಟ್ ಅನ್ನುವುದೇ ನಮಗೆ ಗೊತ್ತಿರಲಿಲ್ಲ. ಮಾತು ಬಾರದ ಮಕ್ಕಳಿಗೆ ಮಾತ್ರ ಅವರು ಅಂತ ತಿಳಿದಿದ್ದೆವು. ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್‌ನ ನ್ಯೂರೋ ರಿಹ್ಯಾಬ್ ವಿಭಾಗ, ಇಂಥವು ನಮ್ಮ ರಾಜ್ಯದಲ್ಲೇ ಇವೆ. ಆದರೆ ಐಸಿಯು ಬಾಗಿಲಿಂದ ಅಲ್ಲಿಗೆ ಹೋಗುವ ದಾರಿಯನ್ನು ಮನೆಯವರೇ ಕೇಳಿ ಕೇಳಿ ಹುಡುಕಿಕೊಳ್ಳಬೇಕು.

ನಮಗೆ ಹೆಚ್ಚು ಗೊಂದಲ ಮಾಡಿದ್ದು ಬೇರೆ. ದೇಹಕ್ಕೆ ಒಂದು ಓಪಿಡಿ, ಮನಸ್ಸಿಗೆ ಇನ್ನೊಂದು. ನ್ಯೂರಾಲಜಿಯವರು ಅವನ ಮಂಕುತನ ನೋಡಿ ಖಿನ್ನತೆ ಇರಬಹುದು ಅಂದರು. ಸೈಕಿಯಾಟ್ರಿಯವರು ಅದು ಮಿದುಳಿನ ಪೆಟ್ಟಿನಿಂದಲೂ ಬರಬಹುದು ಅಂದರು. ಇಬ್ಬರೂ ಸರಿಯೇ. ನಾನು ಎರಡು ಚೀಟಿ ಹಿಡಿದು ಕಾರಿಡಾರಿನಲ್ಲಿ ನಿಂತು, ಇವರಿಬ್ಬರೂ ಒಮ್ಮೆ ಫೋನಲ್ಲಾದರೂ ಮಾತಾಡಬಾರದೇ ಅಂದುಕೊಳ್ಳುತ್ತಿದ್ದೆ.

‘ಗಾಯ ಎಲ್ಲಿ?’

ಪೈಪು ತೆಗೆದು, ದನಿ ಬಂದು, ಒಂದೊಂದೇ ಮಾತು ಶುರುವಾದಾಗ ಅವನು ಕೇಳಿದ್ದು: ‘ನಂಗೇನಾಯ್ತು?’

ಆ ದಿನದ ನೆನಪು ಅವನಿಗಿಲ್ಲ. ಅದಕ್ಕೆ ಮುಂಚಿನ ವಾರಗಳದ್ದೂ ಚೂರುಪಾರು. ದೊಡ್ಡಮಾವ ಮೊದಲೇ ತೀರ್ಮಾನ ಮಾಡಿ ಎಲ್ಲರಿಗೂ ಹೇಳಿಟ್ಟಿದ್ದರು: ಬೈಕ್ ಆಕ್ಸಿಡೆಂಟ್ ಅನ್ನಿ. ಪಾಪ, ಅವರದ್ದೂ ಒಳ್ಳೆಯ ಉದ್ದೇಶವೇ. ತಮ್ಮ ಕೇಳಿಸಿಕೊಂಡ. ಆಮೇಲೆ ನಿಧಾನವಾಗಿ ತನ್ನ ಮೈ ತಾನೇ ಪರೀಕ್ಷೆ ಮಾಡಲು ಶುರು ಮಾಡಿದ. ಜರ್ಕ್ ಹೊಡೆಯುವ ಕೈಯಲ್ಲೇ ತಲೆ ಸವರಿ ನೋಡಿದ. ಲುಂಗಿ ಸರಿಸಿ ಮೊಣಕಾಲು ನೋಡಿಕೊಂಡ. ಗಂಟಲ ತೂತಿನ ಬ್ಯಾಂಡೇಜು ಮುಟ್ಟಿದ. ‘ಬೈಕಿಂದ ಬಿದ್ದಿದ್ರೆ ಗಾಯ ಎಲ್ಲಿ? ಸಿಟಿ ಸ್ಕ್ಯಾನಲ್ಲಿ ಬ್ಲೀಡ್ ಇತ್ತಾ?’ ನೆನಪು ಹೋಗಿದ್ದರೂ ಅವನೊಳಗಿನ ಡಾಕ್ಟರು ಹೋಗಿರಲಿಲ್ಲ. ಮಾವ ಎದ್ದು ಹೊರಗೆ ಹೋದರು.

ಮನೋವೈದ್ಯರು ಒಂದೇ ಮಾತು ಹೇಳಿದರು: ಸುಳ್ಳು ಹೇಳಬೇಡಿ. ಅವನು ನಂಬುವ ಒಬ್ಬರು, ಹಗಲು ಹೊತ್ತಿನಲ್ಲಿ, ಅವಸರವಿಲ್ಲದೆ ಹೇಳಲಿ. ಹೇಳಿ ಎದ್ದು ಹೋಗಬಾರದು. ಆ ಕೆಲಸ ನನ್ನ ಪಾಲಿಗೆ ಬಂತು. ‘ನೀನು ಸಾಯೋಕೆ ಪ್ರಯತ್ನ ಮಾಡಿದ್ದೆ ಕಣೋ. ನಿನ್ನ ಜೊತೆ ಓದೋರು ನೋಡಿ, ಸಿಪಿಆರ್ ಮಾಡಿ ಉಳಿಸಿದ್ರು’ ಅಂದೆ. ತುಂಬಾ ಹೊತ್ತು ಫ್ಯಾನ್ ನೋಡುತ್ತಾ ಮಲಗಿದ್ದ. ಆಮೇಲೆ, ‘ಅಮ್ಮಂಗೆ ಗೊತ್ತಾ?’ ಅಂದ.

ಇಷ್ಟಕ್ಕೇ ಮುಗಿದಿದ್ದರೆ ಹೇಗೋ ಆಗುತ್ತಿತ್ತು. ಮಾರನೆಯ ದಿನ ಬೆಳಿಗ್ಗೆ ಮತ್ತೆ ಅದೇ ಪ್ರಶ್ನೆ: ‘ನಂಗೇನಾಯ್ತು?’ ಹೇಳಿದ್ದು ನಿಂತಿರಲಿಲ್ಲ. ಮತ್ತೆ ಹೇಳಬೇಕು, ಅವನು ಮತ್ತೆ ಮೊದಲ ಸಲ ಕೇಳಿದಂತೆ ಕೇಳಬೇಕು, ಮತ್ತೆ ‘ಅಮ್ಮಂಗೆ ಗೊತ್ತಾ?’ ಅನ್ನಬೇಕು. ಆ ವಾರಗಳಲ್ಲಿ ಪ್ರತಿ ಸಲವೂ ಅವನ ಮುಖ ಅದೇ ರೀತಿ ಬಾಡುವುದನ್ನು ನೋಡಿದ್ದೇನೆ. ಒಮ್ಮೊಮ್ಮೆ ಮಾವನ ಸುಳ್ಳೇ ವಾಸಿಯೇನೋ ಅನ್ನಿಸುತ್ತಿತ್ತು.

ದಾರಿ ತೋರಿಸಿದ್ದು ರಿಹ್ಯಾಬ್‌ನ ಆಕ್ಯುಪೇಶನಲ್ ಥೆರಪಿಸ್ಟ್, ದಿನನಿತ್ಯದ ಕೆಲಸಗಳನ್ನು ಮತ್ತೆ ರೂಢಿ ಮಾಡಿಸುವವರು. ನೆನಪಿನ ತೊಂದರೆ ಇರುವವರಿಗೆ ಅವರು ಒಂದು ನೋಟ್‌ಬುಕ್ ಮಾಡಿಸುತ್ತಾರೆ: ಇವತ್ತು ಯಾವ ವಾರ, ಯಾರು ಬಂದಿದ್ದರು, ಮಾತ್ರೆ ತಗೊಂಡೆನೋ ಇಲ್ಲವೋ. ಅದರ ಮೊದಲ ಪುಟದಲ್ಲಿ ಇದನ್ನೂ ಅವನ ಕೈಯಲ್ಲೇ ಬರೆಸಿ ಅಂದರು. ಅಂಕುಡೊಂಕು ಅಕ್ಷರದಲ್ಲಿ ಅವನು ಬರೆದ: ನಾನು ಸಾಯಲು ಪ್ರಯತ್ನಿಸಿದ್ದೆ. ಈಗ ಬದುಕಿದ್ದೇನೆ. ಅಮ್ಮನಿಗೆ ಗೊತ್ತು. ಯಾರೂ ಬೈಯುವುದಿಲ್ಲ. ಕೊನೆಯ ವಾಕ್ಯ ನಾನು ಹೇಳಿಕೊಟ್ಟಿದ್ದಲ್ಲ. ಆಮೇಲೆ ಕೇಳಬೇಕೆನ್ನಿಸಿದಾಗ ಪುಟ ತೆರೆದು ತಾನೇ ಓದಿಕೊಳ್ಳುತ್ತಿದ್ದ. ನಿಧಾನಕ್ಕೆ ನೆನಪು ಒಂದಿಷ್ಟು ಮರಳಿತು, ಪುಟ ತೆರೆಯುವುದು ಕಡಿಮೆಯಾಯಿತು.

ಬಚ್ಚಲಲ್ಲಿ ಹಾಡು

ಮನೆಗೆ ಬಂದ ಮೇಲೆ ಅಮ್ಮ ಮಾಡಿದ ಮೊದಲ ಕೆಲಸ ಬಚ್ಚಲಮನೆಯ ಚಿಲಕ ತೆಗೆಸಿದ್ದು. ತೋಟದ ಔಷಧಿಗಳನ್ನು ಅಪ್ಪ ಬೇರೆಯವರ ಮನೆಗೆ ಸಾಗಿಸಿದರು. ಮಾತ್ರೆಗಳು ಬೀಗದ ಪೆಟ್ಟಿಗೆಗೆ ಹೋದವು. ಇದೆಲ್ಲ ಸರಿಯಾದದ್ದೇ. ಆಸ್ಪತ್ರೆಯಿಂದ ಬಂದ ಮೊದಲ ವಾರಗಳು, ತಿಂಗಳುಗಳು ಹೆಚ್ಚು ಅಪಾಯದ ಕಾಲ ಅನ್ನುವುದು ಸಂಶೋಧನೆಯಿಂದ ಗೊತ್ತಾಗಿರುವ ಸಂಗತಿ. ಸಾಯಬೇಕೆನ್ನುವ ತೀವ್ರ ಗಳಿಗೆ ಅಲೆಯ ಹಾಗೆ ಏರಿ ಇಳಿಯುತ್ತದೆ. ಅಷ್ಟು ಹೊತ್ತು ಕೈಗೆ ಏನೂ ಸಿಗದಿದ್ದರೆ ಎಷ್ಟೋ ಜೀವ ಉಳಿಯುತ್ತವೆ.

ಆದರೆ ಅಮ್ಮ ಅಲ್ಲಿಗೇ ನಿಲ್ಲಲಿಲ್ಲ. ಅವನು ಸ್ನಾನಕ್ಕೆ ಹೋದರೆ ಹಾಡುತ್ತಿರಬೇಕು. ಹಾಡು ನಿಂತರೆ ಬಾಗಿಲು ತಳ್ಳಿಕೊಂಡು ಒಳಗೆ ಹೋಗುತ್ತಾಳೆ. ಮೂವತ್ತರ ಹತ್ತಿರದ ಗಂಡಸು, ಒಂದು ಕಾಲದ ಡಾಕ್ಟರು, ಸೋಪು ಹಚ್ಚಿಕೊಂಡು ದಾಸರ ಪದ ಹೇಳುತ್ತಾ ನಿಂತಿರಬೇಕು. ‘ಅಕ್ಕಾ, ಶ್ಯಾಂಪೂ ಬಾಯಿಗೆ ಹೋಗುತ್ತೆ’ ಅಂತ ನನಗೆ ದೂರು ಹೇಳಿದ್ದ. ನಾವಿಬ್ಬರೂ ಫೋನಿನಲ್ಲಿ ನಕ್ಕೆವು. ಆಮೇಲೆ ನನಗೆ ನಗು ಬರಲಿಲ್ಲ.

ಕಾವಲು ಕಾಯುವುದಕ್ಕೂ ಜೊತೆಗಿರುವುದಕ್ಕೂ ಇರುವ ವ್ಯತ್ಯಾಸ ನಮ್ಮಂಥ ಮನೆಗಳಿಗೆ ಬೇಗ ಕಾಣುವುದಿಲ್ಲ. ಕಾವಲಿನಲ್ಲಿ ಪ್ರೀತಿ ಇಲ್ಲ ಅಂತಲ್ಲ. ಆದರೆ ಇಪ್ಪತ್ತನಾಲ್ಕು ಗಂಟೆಯೂ ಮುಖ ನೋಡುತ್ತಿದ್ದರೆ, ನೀನು ಯಾವ ಕ್ಷಣದಲ್ಲಾದರೂ ಸಾಯಬಹುದಾದವನು ಅಂತ ಅವನಿಗೆ ದಿನವಿಡೀ ಹೇಳಿದಂತೆಯೇ. ಯಾವ ಜೀವ ಉಳಿಸಬೇಕು ಅಂತ ಕಾಯುತ್ತೇವೋ ಆ ಜೀವಕ್ಕೆ ಉಸಿರಾಡಲು ಜಾಗ ಇರುವುದಿಲ್ಲ. ಅಮ್ಮನಿಗೂ ನಿದ್ದೆ ಇಲ್ಲದೆ ಬಿಪಿ ಏರಿತು. ಆರೈಕೆ ಮಾಡುವವರ ಆರೋಗ್ಯ ಯಾವ ಓಪಿಡಿಯಲ್ಲೂ ಯಾರೂ ಕೇಳಲಿಲ್ಲ.

ಮನೋವೈದ್ಯರು ಅವನ ಜೊತೆ ಕೂತು ಒಂದು ಹಾಳೆಯಲ್ಲಿ ಸುರಕ್ಷತಾ ಯೋಜನೆ ಬರೆಸಿದರು. ನಮಗಲ್ಲ, ಅವನಿಗೆ. ಕೆಟ್ಟ ದಿನ ಬರುತ್ತಿದೆ ಅಂತ ಅವನಿಗೆ ಹೇಗೆ ಗೊತ್ತಾಗುತ್ತದೆ (ಅವನು ಬರೆದದ್ದು: ಬೆಳಗಿನ ಜಾವವೇ ಎಚ್ಚರ, ಫೋನ್ ಸೈಲೆಂಟ್ ಮಾಡುವುದು). ಆಗ ತಾನೇ ಏನು ಮಾಡಬಹುದು. ಯಾರ ಹತ್ತಿರ ಸುಮ್ನೆ ಹರಟೆ ಹೊಡೆಯಬಹುದು, ಯಾರ ಹತ್ತಿರ ವಿಷಯವನ್ನೇ ಹೇಳಬಹುದು. ಈ ಎರಡು ಪಟ್ಟಿ ಬೇರೆ ಬೇರೆ, ಅದು ನನಗೆ ಹಿಡಿಸಿತು. ಕೊನೆಗೆ ವೈದ್ಯರ ನಂಬರು, ಮತ್ತು ಟೆಲಿ ಮಾನಸ್‌ನ 14416. ಇದು 2022ರಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡಬಹುದು. ಇದನ್ನು ಓದುತ್ತಿರುವ ನಿಮಗೇ ಅಂಥ ಯೋಚನೆ ಬರುತ್ತಿದ್ದರೆ, ಮುಂದೆ ಓದುವುದು ಆಮೇಲಾಗಲಿ, ಮೊದಲು ಆ ನಂಬರಿಗೆ ಮಾಡಿ, ಇಲ್ಲವೇ ಪಕ್ಕದಲ್ಲಿರುವವರಿಗೆ ಹೇಳಿ.

ಹಾಳೆ ಬಂದ ಮೇಲೆ ಅಮ್ಮನ ಜೊತೆ ಒಪ್ಪಂದವಾಯಿತು. ಚಿಲಕ ಇಲ್ಲ, ಆದರೆ ಹಾಡೂ ಇಲ್ಲ.

ಒಂದು ಫೋನು

ಅವನಿಗೆ ನಿಜವಾಗಿ ಕೈ ಹಿಡಿದದ್ದು ಏನು ಅಂತ ಕೇಳಿದರೆ ಅವನು ಮಾತ್ರೆ ಅನ್ನುತ್ತಾನೆ, ಡಾಕ್ಟರಲ್ವಾ. ನಾನು ವಾರ್ಡಿನ ಒಬ್ಬ ಸಿಸ್ಟರ್ ಹೆಸರು ಹೇಳುತ್ತೇನೆ. ಡಿಸ್ಚಾರ್ಜ್ ಆಗುವಾಗ ಅವನ ನಂಬರ್ ಬರೆದುಕೊಂಡಿದ್ದರು. ಆಗಾಗ ಫೋನ್ ಮಾಡುತ್ತಾರೆ. ಎರಡು ನಿಮಿಷವೂ ಆಗುವುದಿಲ್ಲ. ‘ಊಟ ಆಯ್ತಾ ಡಾಕ್ಟ್ರೇ? ಇಲ್ಲಿ ಮಳೆ ನೋಡಿ’ ಅಂತೇನೋ. ಇಲ್ಲಿಯವರೆಗೂ ಯಾಕೆ ಹಾಗೆ ಮಾಡಿಕೊಂಡೆ ಅಂತ ಕೇಳಿಲ್ಲ. ಡಾಕ್ಟ್ರೇ ಅನ್ನುವುದನ್ನು ಬಿಟ್ಟೂ ಇಲ್ಲ.

ಇದು ಬರೀ ಒಳ್ಳೆಯತನ ಅಂದುಕೊಂಡಿದ್ದೆ. ಆಮೇಲೆ ಓದಿದರೆ ಇದಕ್ಕೆ ಪುರಾವೆಯೂ ಇದೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜೆರೋಮ್ ಮೊಟೊ ಎಂಬ ಮನೋವೈದ್ಯರು, ಆಸ್ಪತ್ರೆಯಿಂದ ಹೋದ ಮೇಲೆ ಚಿಕಿತ್ಸೆ ಬೇಡವೆಂದವರಲ್ಲಿ ಕೆಲವರಿಗೆ ಐದು ವರ್ಷ ಆಗಾಗ ಚಿಕ್ಕ ಪತ್ರ ಬರೆಸಿದರು. ನೀವು ಚೆನ್ನಾಗಿದ್ದೀರೆಂದು ನಂಬುತ್ತೇವೆ ಅನ್ನುವಷ್ಟೇ ಒಕ್ಕಣೆ, ಯಾವ ಒತ್ತಾಯವೂ ಇಲ್ಲ. ಪತ್ರ ಹೋದವರಲ್ಲಿ, ಅದರಲ್ಲೂ ಮೊದಲ ಎರಡು ವರ್ಷ, ಆತ್ಮಹತ್ಯೆ ಕಡಿಮೆಯಾಯಿತು. ನಮಗೆ ಹತ್ತಿರದ ಉದಾಹರಣೆ ಚೆನ್ನೈ. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳಲ್ಲಿ, ಆತ್ಮಹತ್ಯೆಗೆ ಯತ್ನಿಸಿ ಆಸ್ಪತ್ರೆಗೆ ಬಂದ 1,867 ಜನರ ಮೇಲೆ ಮಾಡಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಚೆನ್ನೈ ಕೂಡ ಇತ್ತು. ಅರ್ಧದಷ್ಟು ಜನರಿಗೆ ಎಂದಿನ ಚಿಕಿತ್ಸೆ. ಉಳಿದವರಿಗೆ ಅದರ ಜೊತೆ ಒಂದು ಗಂಟೆಯ ಮಾತುಕತೆ, ಆಮೇಲೆ ಹದಿನೆಂಟು ತಿಂಗಳಲ್ಲಿ ಒಂಬತ್ತು ಸಲ ಫೋನು ಅಥವಾ ಭೇಟಿ. ಎಂದಿನ ಚಿಕಿತ್ಸೆಯವರಲ್ಲಿ ಆತ್ಮಹತ್ಯೆಯಿಂದ ಸತ್ತವರು ಶೇ. 2.2, ಸಂಪರ್ಕದಲ್ಲಿಟ್ಟುಕೊಂಡವರಲ್ಲಿ ಶೇ. 0.2. ಎಲ್ಲ ಕಡೆಯೂ ಇಷ್ಟೇ ಫಲ ಸಿಕ್ಕಿಲ್ಲ, ಅದನ್ನೂ ಹೇಳಬೇಕು. ಆದರೂ ಇಷ್ಟು ಅಗ್ಗದ ಕೆಲಸ ಡಿಸ್ಚಾರ್ಜ್ ಸಮ್ಮರಿಯ ಕೊನೆಯ ಸಾಲಲ್ಲಿ ಯಾಕೆ ಇಲ್ಲ?

ಒಮ್ಮೆ ಯತ್ನಿಸಿದವರಿಗೆ ಮುಂದಿನ ಅಪಾಯ ಬೇರೆಯವರಿಗಿಂತ ಜಾಸ್ತಿ, ನಿಜ. ಹಾಗಿದ್ದೂ, ಬದುಕುಳಿದವರಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಜನ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ. ಇದನ್ನು ಅಮ್ಮನಿಗೆ ಹೇಳಿದಾಗ ಮೊದಲ ಅರ್ಧ ಮಾತ್ರ ಕೇಳಿಸಿಕೊಂಡಳು. ಅತ್ತೆ ಮಗಳೊಬ್ಬಳು ಒಮ್ಮೆ ಅವನನ್ನೇ ಕೇಳಿಬಿಟ್ಟಳು, ‘ಉಳ್ಕೊಂಡಿದ್ದು ಖುಷಿನಾ?’ ಅಂತ. ಎಲ್ಲರೂ ಉಸಿರು ಬಿಗಿಹಿಡಿದೆವು. ಅವನು ಯೋಚನೆ ಮಾಡಿ, ‘ಇವತ್ತು ಅಕ್ಕಿ ರೊಟ್ಟಿ ಚೆನ್ನಾಗಿತ್ತು’ ಅಂದ. ಅದಕ್ಕಿಂತ ಪ್ರಾಮಾಣಿಕ ಉತ್ತರ ನನಗೆ ಗೊತ್ತಿಲ್ಲ.

ಕಾನೂನು, ಕಾಸು, ಕೆಲಸ

ಎಂಎಲ್‌ಸಿ (ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ) ಆದ್ದರಿಂದ ಪೊಲೀಸರು ಬಂದಿದ್ದರು. ಕೇಸಾಗುತ್ತದೆ ಅಂತ ಅಪ್ಪ ನಡುಗಿಹೋದರು. ಆಗಬೇಕಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದವರು ಬೇರೆ ರೀತಿ ಸಾಬೀತಾಗದಿದ್ದರೆ ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ. ಅವರಿಗೆ ಆರೈಕೆ, ಚಿಕಿತ್ಸೆ, ಪುನರ್ವಸತಿ ಕೊಡುವುದು ಸರ್ಕಾರದ ಹೊಣೆ. ಆತ್ಮಹತ್ಯೆಯ ಯತ್ನವನ್ನು ಅಪರಾಧ ಅನ್ನುತ್ತಿದ್ದ ಹಳೆಯ 309ನೇ ಸೆಕ್ಷನ್ 2024ರ ಜುಲೈ 1ರಂದು ಐಪಿಸಿಯ ಜೊತೆಗೇ ಹೋಯಿತು. ಶಿಕ್ಷೆ ಇಲ್ಲ ಅನ್ನುವ ಅರ್ಧ ಜಾರಿಯಾಗಿದೆ. ಹೊಣೆ ಅನ್ನುವ ಅರ್ಧ ನಮಗೆ ಎಲ್ಲೂ ಸಿಗಲಿಲ್ಲ. ಇನ್ಶೂರೆನ್ಸ್‌ನವರು ‘ತಾನೇ ಮಾಡಿಕೊಂಡದ್ದು’ ಅಂತ ಕ್ಲೈಮ್ ವಾಪಸ್ ಕಳಿಸಿದರು. ಮಾನಸಿಕ ಕಾಯಿಲೆಗೂ ದೇಹದ ಕಾಯಿಲೆಯಂತೆಯೇ ವಿಮೆ ಇರಬೇಕು ಅಂತ ಅದೇ ಕಾಯ್ದೆಯ 21ನೇ ಸೆಕ್ಷನ್ ಹೇಳುತ್ತದೆ. ಹೇಳುತ್ತದೆ ಅಷ್ಟೇ. ತೆಂಗಿನ ತೋಟದ ಒಂದು ಭಾಗ ಹೋಯಿತು.

ಅನಸ್ತೇಶಿಯಾ ವೈದ್ಯರಲ್ಲಿ ಆತ್ಮಹತ್ಯೆಯ ಅಪಾಯ ಜಾಸ್ತಿ ಅನ್ನುವುದು ಬೇರೆ ಬೇರೆ ದೇಶಗಳಲ್ಲಿ ಚರ್ಚೆಯಾಗಿರುವ ವಿಷಯ. ಅವನ ಕಾಲೇಜಿನಲ್ಲಿ ಆಮೇಲೆ ಔಷಧದ ಕಪಾಟಿಗೆ ಹೊಸ ಬೀಗ ಬಂತಂತೆ, ರಿಜಿಸ್ಟರ್ ಬಿಗಿಯಾಯಿತಂತೆ. ಬೇಕಾದದ್ದೇ. ಆದರೆ ಡ್ಯೂಟಿ ಚಾರ್ಟು ಹಾಗೇ ಇತ್ತು. ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ 2024ರಲ್ಲಿ, ರೆಸಿಡೆಂಟ್‌ಗಳಿಗೆ (ಪಿಜಿ ಓದುತ್ತಾ ಆಸ್ಪತ್ರೆಯಲ್ಲಿ ದುಡಿಯುವ ವೈದ್ಯರಿಗೆ) ವಾರಕ್ಕೆ 74 ಗಂಟೆಗಿಂತ ಜಾಸ್ತಿ ಕೆಲಸ ಬೇಡ, ವಾರಕ್ಕೊಂದು ದಿನ ರಜೆ ಇರಲಿ ಅಂತ ಶಿಫಾರಸು ಮಾಡಿತು. 74 ಗಂಟೆ ಅನ್ನುವುದೇ ಸುಧಾರಣೆ ಅಂದರೆ ಈಗ ಎಷ್ಟಿರಬೇಕು ಲೆಕ್ಕ ಹಾಕಿ. ಹಾಗಂತ ಡ್ಯೂಟಿಯೇ ಕಾರಣ ಅಂತ ನಾನು ಹೇಳುವುದಿಲ್ಲ. ಯಾವ ಆತ್ಮಹತ್ಯೆಗೂ ಒಂದೇ ಕಾರಣ ಇರುವುದಿಲ್ಲ, ಒಂದೇ ಕಾರಣ ಹೇಳುವವರನ್ನು ನಾನು ನಂಬುವುದನ್ನು ಬಿಟ್ಟಿದ್ದೇನೆ.

ಓಟಿಗೆ ಅವನು ಮರಳುವುದಿಲ್ಲ. ಕೈಯೂ ಬಿಡುವುದಿಲ್ಲ, ಮನಸ್ಸಿನ ದೃಷ್ಟಿಯಿಂದಲೂ ಆ ಕಪಾಟಿನ ಪಕ್ಕ ನಿಲ್ಲುವ ಕೆಲಸ ಬೇಡ ಅಂತ ಅವನೂ ವೈದ್ಯರೂ ಸೇರಿ ತೀರ್ಮಾನ ಮಾಡಿದರು. ಅದಕ್ಕೆ ಅವನು ಅತ್ತ. ಈಗ ಪಿಯುಸಿ ಮಕ್ಕಳಿಗೆ ಬಯಾಲಜಿ ಹೇಳಿಕೊಡುತ್ತಾನೆ. ಬೋರ್ಡಿನ ಮೇಲೆ ಬರೆಯಲು ಆಗದ್ದಕ್ಕೆ ಸ್ಲೈಡ್ ಮಾಡಿಕೊಳ್ಳುತ್ತಾನೆ. ಹೇಳಿದ್ದನ್ನೇ ಮತ್ತೆ ಹೇಳಿದರೆ ಮಕ್ಕಳು, ‘ಸರ್, ಇದು ಆಯ್ತು’ ಅನ್ನುತ್ತಾರೆ. ‘ರಿವಿಷನ್’ ಅನ್ನುತ್ತಾನೆ.

ಸದ್ಯದ ಜಗಳ ಫಾಲೋಅಪ್ಪಿನದು. ಈ ಸಲ ತಿಪಟೂರಿನಿಂದ ಬೆಂಗಳೂರಿಗೆ ಒಬ್ಬನೇ ಬಸ್ಸಿನಲ್ಲಿ ಬರುತ್ತೇನೆ ಅನ್ನುತ್ತಿದ್ದಾನೆ. ನಾನು ಮೆಜೆಸ್ಟಿಕ್‌ನಲ್ಲಿ ಕಾಯುತ್ತೇನೆ ಅಂದೆ. ಮನೋವೈದ್ಯರೂ ಬರಲಿ ಅಂದಿದ್ದಾರೆ. ಅಮ್ಮ ಕಂಡಕ್ಟರಿಗೆ ಒಂದು ಮಾತು ಹೇಳಿ ಹತ್ತಿಸುತ್ತೇನೆ ಅಂದಳು. ‘ಏನಂತ ಹೇಳ್ತೀಯಮ್ಮ?’ ಅಂತ ಇವನು. ಅವಳಿಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ರಾತ್ರಿ ನನಗೆ ಫೋನ್ ಮಾಡಿ, ‘ಹೆಂಗೂ ಶಕ್ತಿ ಯೋಜನೆ ಐತಲ್ಲ, ನಂಗೆ ಟಿಕೆಟ್ ಇಲ್ಲ. ಹಿಂದಿನ ಸೀಟಲ್ಲಿ ಕೂತ್ಕೊಂಡು ಬರ್ತೀನಿ, ಮಾತಾಡ್ಸಲ್ಲ’ ಅಂದಳು. ಅವನಿಗೆ ಇನ್ನೂ ಹೇಳಿಲ್ಲ.